ಹಳದಣಕರರ ದೀಪ, ಅಮ್ಮನ ರವಿವರ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಮೈಸೂರಿನ ಅರಮನೆಯವರಿಗೆ ಎರಡೂ ಒಟ್ಟಿಗೇ ವಕ್ಕರಿಸಿದವು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಮನೆಮಂದಿಯೆಲ್ಲ ಪಕ್ಕದ ಜಗನ್ಮೋಹನ ಅರಮನೆಗೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿಟ್ಟಿದ್ದು ಹೀಗೆ ಕೈಹಿಡಿಯಿತು. ಹೊಸ ಅರಮನೆ ಮುಗಿಯುವ ಹೊತ್ತಿಗೆ 1912.

ನಮ್ಮಪ್ಪ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವಾಗ ಈ ಇತಿಹಾಸ ಮೇಸ್ತ್ರಿಗೆ ಬಹಳ ಉಪಯೋಗಕ್ಕೆ ಬಂತು. "ಮಾರಾಜ್ರಿಗೇ ಹದಿನೈದ್ ವರ್ಷ ಹಿಡೀತಂತೆ ಸಾಮಿ" ಎಂದು ಬೀಡಿ ಹಚ್ಚುತ್ತಿದ್ದ. ಅರಮನೆಗೆ ತಗುಲಿದ ಖರ್ಚು 41,47,913 ರೂಪಾಯಿ. ಆ ಕೊನೆಯ ಹದಿಮೂರು ರೂಪಾಯಿ ಕಂಡರೆ ನನಗೆ ಈಗಲೂ ಭಕ್ತಿ. ಅಪ್ಪನ ಲೆಕ್ಕದ ಪುಸ್ತಕ ತಳಪಾಯದ ಸಿಮೆಂಟಿನಲ್ಲೇ ನಿಂತುಹೋಗಿತ್ತು.

1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟದ್ದೂ ಜಗನ್ಮೋಹನದಲ್ಲೇ. ಅಂಥ ಜಾಗದ ಸಭಾಂಗಣದಲ್ಲಿ ಸ್ಕೂಲ್ ಡೇ ದಿನ ನಾನೂ ಮಹಾರಾಜನಾದೆ. ರಟ್ಟಿನ ಕಿರೀಟ, ಮೇಲೆ ಚಿನ್ನದ ಬಣ್ಣದ ಕಾಗದ, ಅಮ್ಮ ಕಾಸಿದ ಮೈದಾ ಅಂಟು. ಅಂಟು ಒಣಗಿರಲಿಲ್ಲ. ಬೆವರಿಗೆ ಇಳಿದ ಕಾಗದ ಕಣ್ಣಿಗೆ ಕವಿದು, ಮಂತ್ರಿಗೆ ಕೊಡಬೇಕಿದ್ದ ಅಪ್ಪಣೆಯನ್ನು ಪರದೆಗೆ ಕೊಟ್ಟೆ. ತಲೆ ಬಾಗಿಸಿದ್ದೇ ತಡ, ಕಿರೀಟ ಉರುಳಿ ಮೃದಂಗದವರ ತೊಡೆಯ ಮೇಲೆ ಕೂತಿತು. ಅವರು ತಾಳ ತಪ್ಪಿಸಲಿಲ್ಲ. ನನ್ನ ಆಳ್ವಿಕೆ ಒಟ್ಟು ನಾಲ್ಕು ನಿಮಿಷ.

ಸಮಾಧಾನಕ್ಕೆ ಅಮ್ಮ ಮಾರನೆಯ ದಿನ ಚಿತ್ರಶಾಲೆಗೆ ಕರೆದೊಯ್ದಳು. ರಾಜರು ವಾಪಸು ಹೋದಮೇಲೆ, 1915ರಲ್ಲಿ, ಜಗನ್ಮೋಹನವೇ ಚಿತ್ರಶಾಲೆಯಾಗಿತ್ತು. ರವಿವರ್ಮನ ರಾಣಿಯರನ್ನು, ಅಕ್ಕಿಕಾಳಿನ ಮೇಲಿನ ಚಿತ್ರಗಳನ್ನು ಬಿರಬಿರನೆ ದಾಟಿಸಿ, ಕತ್ತಲೆ ಮಾಡಿಟ್ಟ ಕೋಣೆಯಲ್ಲಿ ನಿಲ್ಲಿಸಿದಳು. ದೀಪ ಹಿಡಿದ ಹುಡುಗಿ. ಮರೆ ಮಾಡಿದ ಬೆರಳುಗಳ ಸಂದಿಯಿಂದ ಬೆಳಕು ಕೆಂಪಗೆ ಸೋರುತ್ತದೆ. "ರವಿವರ್ಮ ಅಂದ್ರೆ ರವಿವರ್ಮ" ಎಂದಳು ಅಮ್ಮ, ಪಿಸುದನಿಯಲ್ಲಿ, ಜೋರಾಗಿ ಮಾತಾಡಿದರೆ ದೀಪ ಆರುತ್ತದೋ ಎಂಬಂತೆ.

ಅದು ಎಸ್.ಎಲ್. ಹಳದಣಕರರ ಜಲವರ್ಣ, ಹುಡುಗಿ ಅವರದೇ ಮಗಳು ಎಂದು ದೊಡ್ಡವನಾದ ಮೇಲೆ ಎಷ್ಟು ಸಲ ಹೇಳಿದರೂ ಅವಳು ಒಪ್ಪಲಿಲ್ಲ. "ಜಲವರ್ಣದಲ್ಲಿ ದೀಪ ಹೇಗೋ ಉರಿಯುತ್ತೆ? ನೀರು ತಾನೆ?" ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಮ್ಮ ಹೋದ ಮೇಲೆ ಒಮ್ಮೆ ಒಬ್ಬನೇ ಹೋಗಿದ್ದೆ. ಪಕ್ಕದಲ್ಲಿ ಯಾರೋ ಅಜ್ಜಿ ಮೊಮ್ಮಗಳಿಗೆ, "ನೋಡು ಪುಟ್ಟಿ, ರವಿವರ್ಮಂದು" ಅಂದರು. ತಿದ್ದಲು ಬಾಯಿ ತೆರೆದೆ. ಪುಟ್ಟಿ ನನ್ನತ್ತ ತಿರುಗಿ, "ಹೌದಾ ಅಂಕಲ್?" ಎಂದಳು.

"ಹೂಂ" ಅಂದೆ, ಪಿಸುದನಿಯಲ್ಲಿ.