ಅಮ್ಮ ಸೇರಿಸಿದ ಸಾಲು

ಮಗಳ ಮದುವೆಗೆಂದು ಹತ್ತು ವರ್ಷ ಮುಂಚಿನಿಂದಲೇ ಚಿನ್ನ ಕೂಡಿಡುವ ನಾವು, ಮುಪ್ಪಿನ ಮಾತು ಬಂದೊಡನೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗಿತ್ತು. 83 ವರ್ಷದ ಅಮ್ಮ ನುಗ್ಗೇಹಳ್ಳಿಯ ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಬೆಂಗಳೂರಿನಲ್ಲಿ, ತಂಗಿ ಮೈಸೂರಿನಲ್ಲಿ. ಮುಂದೇನು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಒಂದು ಮಳೆಗಾಲದ ಬೆಳಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದ ಮೇಲೆ ಕೇಳದೆ ವಿಧಿಯಿರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲಿನ ಮೂರು ತಿಂಗಳು ಊರಿಗೆ ಬಂದಿದ್ದು ಅವರನ್ನು ನೋಡಿಕೊಂಡವಳು ತಂಗಿ. ‘ನೋಡಿಕೊಳ್ಳುವುದು’ ಎಂಬ ಮಾತು ಎಷ್ಟು ಹಗುರ! ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ನಡುರಾತ್ರಿ ಎದ್ದು ಬೆಡ್‌ಪ್ಯಾನ್ ಇಡುವುದು, ಬೇಡವೆನ್ನುವ ಬಾಯಿಗೆ ತುತ್ತಿಡುವುದು, ನೋವಿನಲ್ಲಿ ಆಡಿದ ಬಿರುನುಡಿಯನ್ನು ನುಂಗಿಕೊಳ್ಳುವುದು, ಇವೆಲ್ಲವೂ ಆ ಒಂದು ಮಾತಿನೊಳಗೆ ಅಡಗಿವೆ. ನಾನಾದರೋ ತಿಂಗಳಿಗೊಮ್ಮೆ ಹಣ ಕಳುಹಿಸಿ, ಭಾನುವಾರ ಬಂದು ಹಾಸಿಗೆಯ ಬಳಿ ಒಂದು ಗಂಟೆ ಕುಳಿತು, ಮಾತೃಸೇವೆ ಮಾಡುತ್ತಿರುವೆನೆಂದು ನಂಬಿದ್ದೆ. ನೆರೆಹೊರೆಯವರು ‘ಮಗನೆಂದರೆ ಹೀಗಿರಬೇಕು’ ಎಂದು ಹೊಗಳುತ್ತಿದ್ದುದೂ ನನ್ನನ್ನೇ. ತಂಗಿ ಅವರಿಗೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಅಮ್ಮ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದಾಗ ನಾನೊಂದು ಏರ್ಪಾಟನ್ನು ಮುಂದಿಟ್ಟೆ: ಮೂರು ತಿಂಗಳು ಬೆಂಗಳೂರು, ಮೂರು ತಿಂಗಳು ಮೈಸೂರು. ಅಮ್ಮ ಪೂರ್ತಿ ಕೇಳಿಸಿಕೊಂಡು, “ಊರೂರು ಹೊತ್ತು ತಿರುಗುವುದಕ್ಕೆ ನಾನೇನು ಉತ್ಸವಮೂರ್ತಿಯೇನೋ?” ಎಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಮುಗಿಯದಿದ್ದುದು ಆಸ್ತಿಯ ಮಾತು. ಮನೆಯನ್ನೂ ಎರಡು ಎಕರೆ ತೆಂಗಿನ ತೋಟವನ್ನೂ ತಂದೆಯವರು ಅಮ್ಮನ ಹೆಸರಿನಲ್ಲಿಯೇ ಕೊಂಡಿದ್ದರು. ಉಯಿಲಾದರೆ ಕಾಲಾನಂತರ ತಕರಾರು ಏಳಬಹುದು, ದಾನಪತ್ರವಾದರೆ ಈಗಲೇ ಎಲ್ಲವೂ ಇತ್ಯರ್ಥವಾಗುತ್ತದೆ ಎಂದು ನಾನು ವಾದಿಸಿದೆ. ಹೆತ್ತವರು ಮಕ್ಕಳಿಗೆ ಬರೆದುಕೊಟ್ಟರೆ ಮುದ್ರಾಂಕ ಶುಲ್ಕವೂ ಕಡಿಮೆ. ತೋಟ ನನಗೆ, ಮನೆ ತಂಗಿಗೆ ಎಂದು ಅಮ್ಮ ಒಪ್ಪಿದರು. ಉಯಿಲನ್ನು ಬರೆದವರು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು, ನೋಂದಣಿಯಾದ ದಾನಪತ್ರವನ್ನು ಮನಸ್ಸು ಬಂದಂತೆ ಹಿಂದಕ್ಕೆ ಪಡೆಯಲಾಗದು ಎಂಬ ಭೇದವನ್ನು ನಾನು ಒತ್ತಿ ಹೇಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಚನ್ನರಾಯಪಟ್ಟಣದಲ್ಲಿ ಪತ್ರಬರಹಗಾರರು ಕರಡನ್ನು ಓದಿ ಹೇಳಿದರು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು, “ಒಂದು ಸಾಲು ಬಿಟ್ಟುಹೋಗಿದೆ ಸ್ವಾಮಿ” ಎಂದರು. “ನಾನು ಇರುವಷ್ಟು ದಿನ ಇದೇ ಮನೆಯಲ್ಲಿ ಇರತಕ್ಕದ್ದು. ನನ್ನ ಊಟ, ಔಷಧ, ಆರೈಕೆ ಇಬ್ಬರೂ ನೋಡಿಕೊಳ್ಳತಕ್ಕದ್ದು. ನೋಡಿಕೊಳ್ಳದಿದ್ದರೆ ಕೊಟ್ಟದ್ದು ರದ್ದು. ಹಾಗೆಂದು ಬರೆಯಿರಿ.”

ನನ್ನ ಮುಖ ಬಿಸಿಯಾಯಿತು. ಅಪರಿಚಿತರೊಬ್ಬರ ಎದುರಿನಲ್ಲಿ ಹೆತ್ತ ತಾಯಿ ಮಗನ ಮೇಲೆ ಕರಾರು ಹಾಕುವುದೆ! ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ತುಟಿ ಬಿಚ್ಚಲಿಲ್ಲ. ಊರು ಹತ್ತಿರವಾದಾಗ ಅಮ್ಮನೇ ಕೇಳಿದರು:

“ಬೇಜಾರಾಯಿತೇನೋ?”

“ನನ್ನ ಮೇಲೆ ನಂಬಿಕೆ ಇಲ್ಲವೆಂದಾಯಿತಲ್ಲಮ್ಮ.”

“ದೇವರ ದೀಪದ ಎಣ್ಣೆಗೇ ಹಿಂದಿನವರು ಕಲ್ಲಿನ ಮೇಲೆ ಬರೆಸುತ್ತಿದ್ದರು ಕಣೋ. ಅವರ ಮಕ್ಕಳೆಲ್ಲ ಕೆಟ್ಟವರಾಗಿದ್ದರೇನು?”

ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಣ್ಣಾಯಕ ಕಟ್ಟಿಸಿದನೆಂದು ಚಿಕ್ಕಂದಿನಿಂದ ಕೇಳಿದ್ದೆ. ಮಲ್ಲಿತಮ್ಮ, ಬೈಚೋಜರು ಕೆತ್ತಿದ ವಿಗ್ರಹಗಳನ್ನು ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೆ. ಆದರೆ ಹಳೆಯ ದಾನಶಾಸನಗಳ ಕೊನೆಯ ಸಾಲುಗಳ ಬಗೆಗೆ ಯೋಚಿಸಿರಲಿಲ್ಲ. ಭೂಮಿ ಇಷ್ಟು, ಅದು ಯಾವ ಸೇವೆಗೆ ಎಂದು ವಿವರವಾಗಿ ಬರೆಸಿ, ಇದನ್ನು ಅಳಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಾಪವನ್ನೂ ಸೇರಿಸುತ್ತಿದ್ದರು. ಆ ಕಾಲಕ್ಕೆ ಅದೇ ಕಾಯಿದೆ.

ನಮ್ಮ ಕಾಲದ ಕಾಯಿದೆ ಬೆಂಗಳೂರಿಗೆ ಹೋದ ಮೇಲೆ ತಿಳಿಯಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಅಧಿನಿಯಮದ 23ನೆಯ ಕಲಮಿನಂತೆ, ಆರೈಕೆಯ ಷರತ್ತಿನೊಡನೆ ಆಸ್ತಿ ಪಡೆದವರು ಆರೈಕೆ ಮಾಡದಿದ್ದರೆ ನ್ಯಾಯಮಂಡಳಿಯು ಆ ದಾನವನ್ನು ಅಸಿಂಧುವೆಂದು ಘೋಷಿಸಬಹುದು. 60 ವರ್ಷ ತುಂಬಿದ ಯಾರೇ ಆದರೂ ಅದರ ಮೊರೆ ಹೋಗಬಹುದು. ಆದರೆ ಷರತ್ತು ಇರಬೇಕು. ಪ್ರೀತಿಯಿಂದ ಕೊಟ್ಟೆನೆಂದಷ್ಟೇ ಬರೆದಿದ್ದರೆ ಸಾಲದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಈ ಕಾಯಿದೆಯನ್ನು ವೃದ್ಧರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ ತಿಳಿಸಿತು. ಪ್ರಾಥಮಿಕ ಶಾಲೆಯನ್ನೂ ಮುಗಿಸದ ಅಮ್ಮ ಒಂದು ಸಾಲಿನಲ್ಲಿ ಮಾಡಿದ್ದು ವಕೀಲರು ಮಾಡಿಸುತ್ತಿದ್ದ ಕೆಲಸವನ್ನೇ.

ಈಗ ಬಚ್ಚಲಿನ ಗೋಡೆಗೆ ಉಕ್ಕಿನ ಹಿಡಿಗಳನ್ನು ಹಾಕಿಸಿದ್ದೇವೆ. ಹಗಲು ಜೊತೆಗಿರಲು ಪಕ್ಕದ ಬೀದಿಯ ಹೆಂಗಸೊಬ್ಬರು ಬರುತ್ತಾರೆ. ಅವರ ಸಂಬಳ ತೋಟದ ಆದಾಯದಿಂದಲೇ. ನಮ್ಮ ಕಡೆ ಕಾಯಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಅಟ್ಟದ ಮೇಲೆ ಕಾಯಬೇಕು, ಬೆಲೆಯೋ ತಿಪಟೂರಿನ ಮಾರುಕಟ್ಟೆ ಹೇಳಿದಷ್ಟು. ಆದ್ದರಿಂದ ಎರಡು ವರ್ಷದ ಸಂಬಳವನ್ನು ಬೇರೆಯಾಗಿಯೇ ಬ್ಯಾಂಕಿನಲ್ಲಿಡಬೇಕೆಂದು ತಂಗಿ ಹಟ ಹಿಡಿದಳು. ಆ ಪಾಲನ್ನು ನಾನು ಹಾಕಿದೆ.

ತಿಂಗಳಿಗೆ ಹತ್ತು ದಿನ ನಾನು, ಹತ್ತು ದಿನ ತಂಗಿ ಅಲ್ಲಿರುತ್ತೇವೆ. ಉಳಿದ ಹತ್ತು ದಿನ ರಾತ್ರಿಯೂ ಆ ಹೆಂಗಸೇ ಇರುತ್ತಾರೆ, ಅದಕ್ಕೆ ಸಂಬಳ ಹೆಚ್ಚು. ಅಮ್ಮನ ಕಾಲಿನ ಉಗುರು ಕತ್ತರಿಸುವುದನ್ನು ನಾನು ಕಲಿತದ್ದು ನನ್ನ 59ನೆಯ ವರ್ಷದಲ್ಲಿ. ಮೊದಲ ದಿನ ಕೈ ನಡುಗಿ ಕಿರುಬೆರಳಿಗೆ ತಾಕಿತು. ಅಮ್ಮ ಕಾಲನ್ನು ಹಿಂದಕ್ಕೆಳೆದುಕೊಂಡು, “ನಿನ್ನ ತಂಗಿ ಹೀಗೆ ಮಾಡುವುದಿಲ್ಲಪ್ಪ” ಎಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಾಲನ್ನು ಚಾಚಿದರು.