ಜಾಲಿ ಮರದ ಹದ್ದು, ಮಾವನ ಹೊಲದ ಗಾಳಿ

‘ಕುಷ್ಟಗಿಯಲ್ಲಿ ನೋಡೋಕೆ ಏನಿದೆ?’ ರಜೆ ಹಾಕಿದಾಗಲೆಲ್ಲ ಆಫೀಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಂಪಿಗೆ ಹೋಗುವವರು ಹೊಸಪೇಟೆಯಲ್ಲೇ ಇಳಿದುಬಿಡುತ್ತಾರೆ. ವಿಜಯಪುರಕ್ಕೆ ಹೋಗುವವರು ರಾತ್ರಿ ಬಸ್ಸಿನ ನಿದ್ದೆಯಲ್ಲಿ ನಮ್ಮ ತಾಲೂಕು ದಾಟುತ್ತಾರೆ. ಮಳೆಗಾಲದಲ್ಲಿ ಕಬ್ಬರಗಿಯ ಕಪಿಲತೀರ್ಥ ಅಂತ ಒಂದು ಜಲಪಾತದ ಹೆಸರು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದೆ. ಈಗ ಇನ್ನೊಂದು ಉತ್ತರ ಸಿಕ್ಕಿದೆ.

ಕಳೆದ ಸಂಕ್ರಾಂತಿಗೆ ಹನುಮಸಾಗರದ ಕಡೆಯ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಒಂದು ಕಡೆ ತೆನೆ ಬಿಟ್ಟ ಬಿಳಿಜೋಳದ ಎರಿಹೊಲ, ಇನ್ನೊಂದು ಕಡೆ ಮಸಾರಿ, ಅದರಾಚೆ ಕುರುಚಲು ಗಿಡಗಳ ಕಲ್ಲುಗುಡ್ಡ. ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಮುಗಿಸಿ ಬದುವಿನ ಮೇಲೆ ಅಡ್ಡಾದಾಗ ಮೇಲೆ ಒಂದು ಹಕ್ಕಿ ಕಂಡಿತು. ಹಾರುತ್ತಿರಲಿಲ್ಲ, ನಿಂತಿತ್ತು. ಎದುರುಗಾಳಿಗೆ ರೆಕ್ಕೆ ಬಿಚ್ಚಿ, ಕಾಲು ಇಳಿಬಿಟ್ಟು, ದಾರ ಕಟ್ಟಿದ ಗಾಳಿಪಟದ ಹಾಗೆ ಒಂದೇ ಜಾಗದಲ್ಲಿ.

‘ಹದ್ದು ಬಿಡೋ ಅಳಿಯಾ, ಕೋಳಿಮರಿ ಕಳ್ಳ’ ಅಂದ ಮಾವ.

ಅಷ್ಟರಲ್ಲಿ ಅದು ಸ್ವಲ್ಪ ಕೆಳಗಿಳಿದು ಮತ್ತೆ ನಿಂತಿತು, ಇನ್ನೂ ಸ್ವಲ್ಪ ಇಳಿಯಿತು, ಆಮೇಲೆ ಸೀದಾ ನೆಲಕ್ಕೆ. ಎದ್ದಾಗ ಬಾಯಿಂದ ಗೇಣುದ್ದದ ಬಾಲ ಜೋತಾಡುತ್ತಿತ್ತು. ಹಾವಿನ ಉಳಿದ ಭಾಗ ಆಗಲೇ ಗಂಟಲೊಳಗೆ! ಮಾವ ಎದ್ದು ಕೂತ. ‘ಪಂಚಮಿಗೆ ನಾವು ಹಾಲು ಎರಿಯೂ ದೇವರನ್ನ ಹಿಂಗ ನುಂಗೂದಾ?’

ಅದು ಶಾರ್ಟ್ ಟೋಡ್ ಸ್ನೇಕ್ ಈಗಲ್. ಕನ್ನಡದಲ್ಲಿ ಹಾವುಹದ್ದು ಅನ್ನೋಣ. ಕೆಳಗಿನಿಂದ ನೋಡಿದರೆ ಹೊಟ್ಟೆ, ರೆಕ್ಕೆಯ ಒಳಭಾಗ ಬೆಳ್ಳಗೆ, ಮೇಲೆ ಕಂದು ಗೆರೆಗಳು. ಹಲವು ಹಕ್ಕಿಗಳಿಗೆ ತಲೆಯಿಂದ ಎದೆಯವರೆಗೆ ಕಂದು ಮುಸುಕು ಹಾಕಿದಂತಿರುತ್ತದೆ. ತಲೆ ಗೂಬೆಯದರಂತೆ ದುಂಡಗೆ, ಕಣ್ಣು ದೊಡ್ಡದು, ಹಳದಿ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಐದೂವರೆ ಅಡಿಗೂ ಹೆಚ್ಚು, ತೂಕ ಮಾತ್ರ ಎರಡು ಕೆಜಿಯ ಆಸುಪಾಸು. ಗಾಳಿಯಲ್ಲಿ ನಿಲ್ಲುವ ಗುಟ್ಟು ಅರ್ಧ ಅಲ್ಲೇ ಇದೆ. ಹೆಸರಿಗೆ ಕಾರಣವಾದ ಗಿಡ್ಡ ಬೆರಳುಗಳು ಜಾರುವ ಹಾವನ್ನು ಬಿಗಿಯಾಗಿ ಹಿಡಿಯಲಿಕ್ಕೆ. ಕಾಲಿನ ಮೇಲೆ ಒರಟು ಹುರುಪೆ, ಮೈಮೇಲೆ ದಟ್ಟ ಪುಕ್ಕ. ವಿಷ ಇದಕ್ಕೆ ತಾಗುವುದೇ ಇಲ್ಲ ಅನ್ನುವುದು ಸುಳ್ಳು. ಹಲ್ಲು ಮಾಂಸಕ್ಕೆ ಇಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ರಕ್ಷಣೆ. ಹಾವು ಸಿಗದಿದ್ದರೆ ಹಲ್ಲಿ, ಓತಿಕ್ಯಾತ, ಇಲಿ.

ನಾವು ಕೈಮುಗಿಯುವ ಗರುಡ ಬೇರೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈಯ ಆ ಹಕ್ಕಿ ಹೆಚ್ಚಾಗಿ ಕೆರೆ, ನದಿಯ ಬಳಿ ಮೀನು, ಏಡಿ, ಸತ್ತದ್ದು ತಿಂದುಕೊಂಡಿರುತ್ತದೆ. ಪುರಾಣದ ಕೆಲಸ ಮಾಡುವುದು ಇದು, ನಮಸ್ಕಾರ ಸಿಗುವುದು ಅದಕ್ಕೆ. ಆಫೀಸುಗಳಲ್ಲೂ ಹೀಗೇ ಅಲ್ಲವೇ!

ಯುರೋಪಿನಲ್ಲೂ ಇದೇ ಜಾತಿಯ ಹದ್ದು ಇದೆ. ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುತ್ತದೆ. ಬಿಸಿಗಾಳಿ ಏಳದ ಸಮುದ್ರದ ಮೇಲೆ ಹಾರುವುದು ಕಷ್ಟವೆಂದು ಇಟಲಿಯ ಹದ್ದುಗಳು ನೇರ ದಾರಿ ಬಿಟ್ಟು, ಫ್ರಾನ್ಸ್, ಸ್ಪೇನ್ ಸುತ್ತಿ ಜಿಬ್ರಾಲ್ಟರಿನ ಕಿರಿದಾದ ಜಲಸಂಧಿಯಲ್ಲಿ ದಾಟುತ್ತವೆ. ನಮ್ಮವು ಇಲ್ಲೇ ಇರುತ್ತವೆ. ಕಾಡು ಅಂದರೆ ನಮಗೆ ಆಗುಂಬೆಯೇ ಕಣ್ಣಮುಂದೆ ಬರುತ್ತದೆ, ಆದರೆ ಈ ಹದ್ದಿಗೆ ಅಷ್ಟು ದಟ್ಟ ಮರ ಬೇಡ. ನೆಲ ಕಾಣಬೇಕು. ಕುರುಚಲು ಗುಡ್ಡ, ಬೀಳುಭೂಮಿ, ಒಣಹುಲ್ಲು, ನಡುವೆ ಒಂದೆರಡು ಮರ ಇದ್ದರೆ ಸಾಕು. ನಾವು ಬರಡು ಅಂದದ್ದೆಲ್ಲ ಅದರ ಕಾಡು.

ಮಾರನೇ ದಿನ ಬೈನಾಕ್ಯುಲರ್ ಹಿಡಿದು ದೂರದಿಂದ ನೋಡಿದಾಗ ಬದುವಿನ ಒಂಟಿ ಜಾಲಿ ಮರದ ನೆತ್ತಿಯಲ್ಲಿ ಗೂಡು ಕಂಡಿತು. ಇಷ್ಟು ದೊಡ್ಡ ಹಕ್ಕಿಗೆ ಸಣ್ಣದೇ ಗೂಡು, ಒಳಗೆ ಹಸಿರೆಲೆ. ಹೆಣ್ಣು ಕೂತಿತ್ತು. ಈ ಹದ್ದು ಇಡುವುದು ಒಂದೇ ಮೊಟ್ಟೆ. ಕಾವು 45ರಿಂದ 47 ದಿನ, ಮರಿ ಹಾರಲು ಮತ್ತೆ 60ರಿಂದ 80 ದಿನ. ಎರಡು ವಾರಕ್ಕೊಂದು ಸ್ಪ್ರಿಂಟ್ ಮುಗಿಸುವ ನಾನು ಲೆಕ್ಕ ಹಾಕಿದೆ: ಎಂಟು ಸ್ಪ್ರಿಂಟು, ಒಂದೇ ಡೆಲಿವರಿ, ಬ್ಯಾಕಪ್ ಇಲ್ಲ.

ಇದನ್ನು ಖುಷಿಯಿಂದ ಹೇಳಿದರೆ ಮಾವ ಸುಮ್ಮನಾದ. ಆಮೇಲೆ ಹೇಳಿದ, ‘ಆ ಗಿಡ ಮುಂದಿನ ತಿಂಗಳ ಕಡಸೂದೈತಿ.’

ಕುಷ್ಟಗಿ, ಯಲಬುರ್ಗಾ ಕಡೆ ಈಗ ಬಂದವರಿಗೆ ಮೊದಲು ಕಾಣುವುದೇ ಗಾಳಿಯಂತ್ರಗಳು. ನಮ್ಮವರ ಬಾಯಲ್ಲಿ ‘ಫ್ಯಾನು’. ಮಾವನ ಹೊಲದ ಮೂಲೆಯಲ್ಲೂ ಒಂದು ನಿಲ್ಲಲಿತ್ತು. ಕ್ರೇನು, ಉದ್ದನೆಯ ರೆಕ್ಕೆ ಹೊತ್ತ ಟ್ರೇಲರು ತಿರುಗಲು ದಾರಿ ಬೇಕು, ದಾರಿಗೆ ಜಾಲಿ ಅಡ್ಡ. ಎರಡು ಬರಗಾಲ, ಮಗಳ ಮದುವೆಯ ಸಾಲ ಎಲ್ಲ ನೋಡಿದ ಮಾವನಿಗೆ ಆ ದುಡ್ಡು ಬೇಕಿತ್ತು. ಬೆಂಗಳೂರಿನಲ್ಲಿ ಅದೇ ಕರೆಂಟಿನಲ್ಲಿ ಏಸಿ ಹಾಕಿಕೊಂಡು ಕೂರುವ ನಾನು ಬೇಡ ಅನ್ನಲು ಯಾರು? ‘ಬನ್ನಿ ಆಗಿದ್ರ ನಾನೂ ಮುಟ್ಟತಿದ್ದಿಲ್ಲ. ಇದು ಜಾಲಿ, ಕಟ್ಟಿಗಿ’ ಅಂದ ಅವನ ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ.

ತೊಂದರೆ ಮರದ್ದು ಮಾತ್ರವೂ ಅಲ್ಲ. ಹದ್ದಿಗೆ ಬೇಕಾದ ಗಾಳಿಯೇ ಫ್ಯಾನಿಗೂ ಬೇಕು. ಬೇಟೆ ಹುಡುಕುವ ಹದ್ದಿನ ಗಮನ ಪೂರ್ತಿ ನೆಲದ ಮೇಲೆ. ನಿಧಾನ ತಿರುಗುವಂತೆ ಕಾಣುವ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ. ಸ್ಪೇನಿನ ದಕ್ಷಿಣ ತುದಿಯ ತಾರಿಫಾದಲ್ಲಿ ಇದಕ್ಕೊಂದು ಉಪಾಯ ಮಾಡಿದರು: ಜನರನ್ನು ಕಾವಲಿಗೆ ನಿಲ್ಲಿಸಿ, ಹಕ್ಕಿ ಹತ್ತಿರ ಬಂದಾಗ ಆ ಯಂತ್ರವನ್ನಷ್ಟೇ ಸ್ವಲ್ಪ ಹೊತ್ತು ನಿಲ್ಲಿಸುವುದು. ರಣಹದ್ದುಗಳ ಸಾವು ಅರ್ಧಕ್ಕಿಳಿಯಿತು, ವಿದ್ಯುತ್ತಿನ ನಷ್ಟ ತೀರಾ ಕಡಿಮೆ. ಸಾಫ್ಟ್‌ವೇರ್‌ನವನಾಗಿ ಹೇಳುತ್ತೇನೆ, ಇದು ಅಸಾಧ್ಯದ ಕೆಲಸವೇನಲ್ಲ.

ಹೊರಡುವ ದಿನ ನಾನು ಕೇಳಿದ್ದು ಇಷ್ಟೇ: ‘ಮಾವ, ಮೇ ತನಕ ತಡೀತೀಯಾ?’ ‘ನೋಡೂನು’ ಅಂದ. ನಮ್ಮ ಕಡೆ ನೋಡೂನು ಅಂದರೆ ಹೌದೂ ಆಗಬಹುದು, ಇಲ್ಲವೂ ಆಗಬಹುದು.

ಶಿವರಾತ್ರಿ ಕಳೆದು ಹೋದಾಗ ಮರ ಇತ್ತು. ಮಾವನೇ ದೂರದ ದಿಬ್ಬಕ್ಕೆ ಕರೆದುಕೊಂಡು ಹೋದ. ಹತ್ತಿರ ಹೋಗಬಾರದು ಅಂತ ನನಗೇ ಪಾಠ ಮಾಡಿದ. ಗಾಬರಿಯಾಗಿ ತಾಯಿ ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ. ಗೂಡಿನಲ್ಲಿ ಬಿಳಿ ಹತ್ತಿಯುಂಡೆಯಂಥ ಮರಿ. ಗಂಡು ಬಂದಾಗ ಅದರ ಬಾಯಿಂದ ಬಾಲ ಜೋತಿತ್ತು. ಮರಿ ಬಾಲ ಕಚ್ಚಿ ಜಗ್ಗಿತು, ಮತ್ತೆ ಜಗ್ಗಿತು, ಬಾವಿಯಿಂದ ಹಗ್ಗ ಸೇದಿದ ಹಾಗೆ ಅಪ್ಪನ ಗಂಟಲಿಂದ ಇಡೀ ಕೇರೆಹಾವು ಹೊರಗೆ ಬಂತು. ತಲೆಯ ಕಡೆಯಿಂದ ನುಂಗಲು ಶುರುಮಾಡಿ ಮಧ್ಯದಲ್ಲಿ ಸುಸ್ತಾಗಿ ಹಾಗೇ ಕೂತಿತು. ಮಾವ ನಕ್ಕು ನಕ್ಕು ಬೈನಾಕ್ಯುಲರ್ ಬೀಳಿಸಿದ. ದಾರಿ ಕೇಳಲು ಬಂದವರಿಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ. ಅತ್ತೆ ಮಾತ್ರ, ‘ದಿನಾ ಒಂದ ನೆವ. ಒಮ್ಮಿ ಜ್ವರ, ಒಮ್ಮಿ ಅಮಾಸಿ’ ಅಂದಳು.

ಬಸವ ಜಯಂತಿ ಕಳೆದ ವಾರ ಸ್ಟ್ಯಾಂಡಪ್ ಮೀಟಿಂಗ್ ಮಧ್ಯೆ ಮಾವನ ವಾಯ್ಸ್ ಮೆಸೇಜ್ ಬಂತು. ‘ಅಳಿಯಾ, ಹಾರೇತಿ. ಮುಂಜಾನಿ ಗಿಡದಿಂದ ಗುಡ್ಡದ ಮ್ಯಾಲ ಹೋತು. ನಿಲ್ಲಾಕ ಇನ್ನೂ ಬರಂಗಿಲ್ಲ, ವಾಲತೈತಿ.’ ಕೊನೆಯಲ್ಲಿ ಇನ್ನೊಂದು ಮಾತು: ಟ್ರೇಲರಿಗೆ ಮಸಾರಿಯ ಅಂಚಿನಲ್ಲಿ ದಾರಿ ಬಿಟ್ಟುಕೊಟ್ಟಿದ್ದಾನೆ, ಆ ಮುಂಗಾರಿಗೆ ಎರಡು ಗುಂಟೆ ಸಜ್ಜಿ ಕಡಿಮೆ.

ಫ್ಯಾನಿನ ಬುನಾದಿಗೆ ಗುಂಡಿ ತೋಡಿದ್ದಾರೆ. ಜಾಲಿ ಅಲ್ಲೇ ಇದೆ. ಈ ಹದ್ದು ವರ್ಷ ವರ್ಷ ಹೊಸ ಗೂಡು ಕಟ್ಟುವುದೇ ಹೆಚ್ಚು, ಹಾಗಾಗಿ ಅದೇ ಮರಕ್ಕೆ ಬರುತ್ತದೆ ಅಂತಿಲ್ಲ. 2025ರಿಂದ ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲೂ ಇದೆ. ಡಿಸೆಂಬರಿಗೆ ಟಿಕೆಟ್ ನೋಡಬೇಕು. ಮಾವ ತನಗೊಂದು ಬೈನಾಕ್ಯುಲರ್ ತರಲು ಹೇಳಿದ್ದಾನೆ, ‘ನಿನ್ನದಕ್ಕಿಂತ ಚಲೋದು’ ಬೇಕಂತೆ.