ಬಹುಮಾನದ ಕಾದಂಬರಿ, ನಮ್ಮ ಹುಡುಗರ ಕನ್ನಡ

ಪ್ರಶಸ್ತಿ ಬಂದ ಮಕ್ಕಳ ಪುಸ್ತಕ ಅಂದರೆ ನಾವು ದೊಡ್ಡವರು ಮೊದಲು ಕೇಳೋದು, "ಇದರಲ್ಲಿ ನೀತಿ ಏನೈತೆ?" ಅಂತ. ಹುಡುಗರು ಕೇಳೋದು, "ಆಮೇಲೆ ಏನಾಯ್ತು?" ಅಂತ. ಹುಡುಗರ ಪ್ರಶ್ನೆಯೇ ಸರಿ ಎಂದು ನನ್ನ ಅಭಿಪ್ರಾಯ.

ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರವನ್ನು ಶುರು ಮಾಡಿದ್ದು 2010ರಲ್ಲಿ. ಆ ವರ್ಷ ಕನ್ನಡದಲ್ಲಿ ಅದು ಬಂದದ್ದು, ಪಾಪು ಗಾಂಧಿ ಬಾಪು ಆದ ಕತೆ ಹೇಳುವ ಬೊಳುವಾರು ಮಹಮದ್ ಕುಂಞಿಯವರ ಕಾದಂಬರಿಗೆ. ತೆಲುಗಿನಲ್ಲಿ ಬಂದದ್ದು ಕಲುವಕೊಲನು ಸದಾನಂದ ಅವರ 'ಅಡವಿ ತಲ್ಲಿ' ಕಾದಂಬರಿಗೆ. ಮಡಕಶಿರಾ, ರಾಯದುರ್ಗದ ಹುಡುಗರು ಈ ಎರಡನ್ನೂ ಮೂಲ ಭಾಷೆಯಲ್ಲೇ ಓದಬಲ್ಲರು. ಬೆಂಗಳೂರಿನಲ್ಲಿ, ವಿಜಯವಾಡದಲ್ಲಿ ಎಷ್ಟು ಮಕ್ಕಳಿಗೆ ಈ ಭಾಗ್ಯ ಉಂಟು?

ಬೊಳುವಾರರ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು: ಗಾಂಧಿಯೂ ಮೊದಲು ಒಬ್ಬ ಹುಡುಗ. ಗೋಡೆಯ ಮೇಲಿನ ಪಟದ ಮುದುಕನಿಗೆ ಕೈ ಮುಗಿಯಬಹುದು, ಹುಡುಗನ ಜೊತೆ ಮಾತ್ರ ನಡೆಯಬಹುದು. 2020ರಲ್ಲಿ ಪುರಸ್ಕಾರ ಪಡೆದ ಎಚ್.ಎಸ್. ಬ್ಯಾಕೋಡರ 'ನಾನು ಅಂಬೇಡ್ಕರ್' ಕಾದಂಬರಿಯ ಹೆಸರಲ್ಲೇ 'ನಾನು' ಐತೆ. ಅದನ್ನು ಜೋರಾಗಿ ಓದುವ ಮಗು ಒಂದು ಗಳಿಗೆ ತಾನೇ ಅಂಬೇಡ್ಕರ್ ಆಗುತ್ತದೆ.

ಆಮೇಲಿನ ಮೂರು ವರ್ಷವೂ ಕನ್ನಡದಲ್ಲಿ ಕಾದಂಬರಿಗಳಿಗೇ ಪುರಸ್ಕಾರ ಬಂತು: ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಸೂರಕ್ಕಿ ಅಂದರೆ ಯಾವ ಹಕ್ಕಿ ಅಂತ ನಮ್ಮ ಕಡೆ ಹುಡುಗರು ಕೇಳಬಹುದು. ಹೂವಿನ ಒಳಗೆ ಕೊಕ್ಕಿಟ್ಟು ಜೇನು ಹೀರುವ ಆ ಪುಟ್ಟ ಹಕ್ಕಿಯನ್ನು ತೋರಿಸಿದರೆ, "ಓ, ತೇನೆಪಿಟ್ಟ!" ಅಂತಾರೆ. ಅನ್ನಲಿ ಬಿಡಿ. ತೆಲುಗಿನ ಕೈ ಹಿಡಿದೇ ಒಂದು ಕನ್ನಡ ಪದ ಮನೆಗೆ ಬಂತಲ್ಲ.

1953ರಲ್ಲಿ ಆಂಧ್ರ ರಾಜ್ಯ ಆದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಈ ಕಡೆಗೆ ಬಂತು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಈಗ ಅದು ಸರಿಯುತ್ತಿರುವುದು ಶಾಲೆಯಿಂದ. ಕನ್ನಡ ಮಾಧ್ಯಮ ಬಿಟ್ಟ ಮಗು ಕನ್ನಡ ಮಾತಾಡುತ್ತದೆ, ಓದುವುದಿಲ್ಲ. ಪದ್ಯವನ್ನು ಕೇಳಿಯೂ ಕಲಿಯಬಹುದು. ನೂರು ಪುಟದ ಕಾದಂಬರಿಗೆ ಮಾತ್ರ ಆ ಭಾಷೆಯಲ್ಲಿ ನಾಲ್ಕು ದಿನ ವಾಸ ಮಾಡಬೇಕು. ಅದಕ್ಕೇ ನಮಗೆ ಕಾದಂಬರಿ ಬೇಕು.

ಒಂದು ಕೊರತೆ ಹೇಳಲೇಬೇಕು. ಮೇಲೆ ಹೇಳಿದ ಯಾವುದೂ ನಮ್ಮ ಸೀಮೆಯ ಕತೆಯಲ್ಲ. ಕಡ್ಲೇಕಾಯಿ ಹೊಲ, ರೇಷ್ಮೆ ಹುಳದ ಮನೆ, ಅರ್ಧ ತೆಲುಗು ಅರ್ಧ ಕನ್ನಡದ ಜಗಳ, ಇವೆಲ್ಲ ಇರುವ ಮಕ್ಕಳ ಕಾದಂಬರಿಯನ್ನು ಯಾರೋ ಬರೆಯಲಿ ಅಂತ ಕಾಯುವುದಕ್ಕಿಂತ, ವಾಚನಾಲಯದಲ್ಲಿ ವಾರಕ್ಕೊಂದು ಅಧ್ಯಾಯ ಓದಿ ಹೇಳೋಣ. ಕೇಳಿದ ಹುಡುಗರಲ್ಲಿ ಒಬ್ಬರಾದರೂ ಮುಂದೆ ಬರೆದಾರು. ಬಹುಮಾನ ಬಂದರೆ ಸಂತೋಷ. ಪಕ್ಕದ ಮನೆ ಹುಡುಗಿ ಅದನ್ನು ಎರಡನೇ ಸಲ ಕೇಳಿ ಒಯ್ದರೆ ಇನ್ನೂ ಸಂತೋಷ.